ಶರ್ಟ್ ಬಿಚ್ಚಿ ಕೂತ್ಕೊಳ್ಳಿ: ಮಗುವನ್ನು ಮುಟ್ಟುವುದು ಹೇಗೆ, ಎಷ್ಟು ಹೊತ್ತು

ನಮ್ಮ ಮಗಳು ಐದು ವಾರ ಮುಂಚೆ ಹುಟ್ಟಿದಳು. ತೂಕ 1 ಕೆಜಿ 850 ಗ್ರಾಂ. ಮೂರನೇ ದಿನ ನಾನು ವಾರ್ಡಿನ ಬಾಗಿಲಲ್ಲಿ ಫ್ಲಾಸ್ಕು ಹಿಡಿದು ಸುಮ್ನೆ ನಿಂತಿದ್ದೆ. ಹೆಂಡತಿಗೆ ಸಿಸೇರಿಯನ್ ಆಗಿತ್ತು, ಮೇಲೆ ಜ್ವರ ಬೇರೆ. ಒಳಗಿಂದ ಬಂದ ನರ್ಸ್, "ಅಣ್ಣಾ, ಮೊಣಕೈವರೆಗೂ ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ. ಶರ್ಟ್ ಬಿಚ್ಚಿ ಆ ಕುರ್ಚಿ ಮೇಲೆ ಕೂತ್ಕೊಳ್ಳಿ" ಅಂದರು.

ನಾನು ಅರ್ಥವಾಗದೆ "ಯಾಕೆ ಸಿಸ್ಟರ್?" ಅಂದೆ. "ಅಮ್ಮನಿಗೆ ಆಗಲ್ಲ ಅಂದ್ರೆ ಅಪ್ಪನೇ ಅಲ್ವಾ" ಅಂದರು. ಮಗುವನ್ನು ತಂದು ಎದೆ ಮೇಲೆ ಇಟ್ಟರು. ಸುಲಿದ ಮೂರು ತೆಂಗಿನಕಾಯಿಯಷ್ಟು ಭಾರ. ಎರಡು ನಿಮಿಷದಲ್ಲಿ ಅವಳು ನನ್ನ ಎದೆಯ ಕೂದಲು ಹಿಡಿದುಕೊಂಡಳು. ಚುರುಕ್ ಅಂತ ನೋವಾಯಿತು. ನಾನು ಬಿಡಿಸಿಕೊಳ್ಳಲಿಲ್ಲ.

ಮಗುವನ್ನು ಮುಟ್ಟೋದನ್ನು ಯಾರೂ ಹೇಳಿಕೊಡಬೇಕಿಲ್ಲ ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದೆ. ಹೇಳಿಕೊಡಬೇಕು. ಹಾಲು ಕುಡಿಸುವುದಕ್ಕೆ ಇರುವ ಹಾಗೆ ಇದಕ್ಕೂ ಹೊತ್ತು, ಅಳತೆ, ರೀತಿ ಇದೆ. ಮನೆಗೆ ಮಗು ಬರುವವರಿದ್ದರೆ, ಅದರಲ್ಲೂ ನೀವು ಗಂಡಸರಾಗಿದ್ದರೆ, ಮುಂದೆ ಓದಿ.

ಮೊದಲು, ಇದೆಲ್ಲ ಯಾಕೆ

ಹೊಟ್ಟೆಯೊಳಗಿರುವ ಮಗುವಿಗೆ ಎಲ್ಲಕ್ಕಿಂತ ಮೊದಲು ಬರುವುದು ಸ್ಪರ್ಶದ ಅರಿವು. ಸುಮಾರು 8 ವಾರದ ಹೊತ್ತಿಗೇ ಬಾಯಿಯ ಸುತ್ತ ಅದು ಶುರುವಾಗುತ್ತದೆ. ಕಣ್ಣು, ಕಿವಿ ಎಲ್ಲ ಆಮೇಲೆ.

ನಮ್ಮ ಚರ್ಮದಲ್ಲಿ, ಕೂದಲಿರುವ ಕಡೆ, ಒಂದು ಬಗೆಯ ನರಗಳಿವೆ. ಚುಚ್ಚಿದ್ದು, ಸುಟ್ಟಿದ್ದು ಹೇಳುವ ನರಗಳಲ್ಲ ಇವು. ಬೆಚ್ಚಗಿನ ಕೈ ನಿಧಾನವಾಗಿ ಸವರಿದಾಗ ಎಚ್ಚರಾಗುವಂಥವು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗ ಇವಕ್ಕೆ ಹಿತ. ಅದಕ್ಕಿಂತ ಜೋರಾಗಿ ತಿಕ್ಕಿದರೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಈ ಲೆಕ್ಕ ನೆನಪಿರಲಿ, ಎಣ್ಣೆ ಹಚ್ಚುವಾಗ ಬೇಕಾಗುತ್ತದೆ.

ಶರ್ಟ್ ಬಿಚ್ಚಿಸುವ ಚಿಕಿತ್ಸೆ ಹುಟ್ಟಿದ್ದು ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ. 1978ರ ಸುಮಾರಿಗೆ ಬೊಗೊಟಾ ನಗರದ ಒಂದು ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು, ಅಂದರೆ ಮಗುವನ್ನು ಬೆಚ್ಚಗಿಡುವ ಯಂತ್ರಗಳು, ಸಾಲುತ್ತಿರಲಿಲ್ಲ. ಎಡ್ಗರ್ ರೇ ಎಂಬ ಮಕ್ಕಳ ವೈದ್ಯರು, ಕಡಿಮೆ ತೂಕದ ಮಕ್ಕಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಕಾಂಗರೂ ಮರಿಯ ಹಾಗೆ. ಇಲ್ಲದ್ದಕ್ಕೆ ಮಾಡಿದ ಉಪಾಯ ಅದು. ಆಮೇಲೆ ನೋಡಿದರೆ ಯಂತ್ರ ಇರುವ ಕಡೆಯೂ ಇದೇ ಮೇಲು ಅಂತ ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಅದರಲ್ಲಿತ್ತು. 1ರಿಂದ 1.8 ಕೆಜಿ ಒಳಗಿನ ಮಕ್ಕಳನ್ನು ಹುಟ್ಟಿದ ಕೂಡಲೇ ಎದೆಗೆ ಹಾಕಿದ ಗುಂಪಿನಲ್ಲಿ, ಮೊದಲ 28 ದಿನದ ಸಾವು ಶೇ. 25ರಷ್ಟು ಕಡಿಮೆಯಾಗಿತ್ತು. ಹೋಲಿಸಿದ್ದು ಮಗು ಚೇತರಿಸಿಕೊಂಡ ಮೇಲೆ ಶುರು ಮಾಡಿದವರ ಜೊತೆ. ಅಂದರೆ ಶುರು ಮಾಡುವ ಹೊತ್ತೇ ಅಷ್ಟು ವ್ಯತ್ಯಾಸ ತಂದಿತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಈ ಆರೈಕೆಯನ್ನು ಊರೂರಿಗೆ ಮುಟ್ಟಿಸುವ ಕೆಲಸ ದೊಡ್ಡ ಮಟ್ಟದಲ್ಲಿ ನಡೆದಿದೆ.

ಎದೆಗೆ ಎದೆ: ಕಾಂಗರೂ ಆರೈಕೆ ಮಾಡುವ ಬಗೆ

ಆಸ್ಪತ್ರೆಯಲ್ಲಿ ಇದನ್ನು ಕೆಎಂಸಿ, ಅಂದರೆ ಕಾಂಗರೂ ಮದರ್ ಕೇರ್, ಅನ್ನುತ್ತಾರೆ. 2.5 ಕೆಜಿಗಿಂತ ಕಡಿಮೆ ತೂಕದ ಮಗುವಾದರೆ ಕೇಳಿಯೇ ಕೇಳಿ. ಯಾರಾದರೂ "ಮಗು ಯಂತ್ರದಲ್ಲಿ ಇರಲಿ, ಮುಟ್ಟಬೇಡಿ" ಅಂದರೆ, ಜಗಳ ಬೇಡ, "ಡಾಕ್ಟ್ರೇ, ಕೆಎಂಸಿ ಯಾವಾಗ ಶುರು ಮಾಡಬಹುದು?" ಅಂತ ಕೇಳಿ. ನಮ್ಮನ್ನು ಎರಡು ದಿನ ಹೊರಗೇ ನಿಲ್ಲಿಸಿದ್ದರು. ಕೇಳಬಹುದು ಅನ್ನೋದೇ ನಮಗೆ ಗೊತ್ತಿರಲಿಲ್ಲ. ಆ ಎರಡು ದಿನ ನೆನೆದರೆ ಈಗಲೂ ಬೇಜಾರು.

ಕೂರುವ ಮೊದಲು ಸ್ನಾನ ಮಾಡಿ, ಉಗುರು ಕತ್ತರಿಸಿ, ಸರ, ಉಂಗುರ, ವಾಚು ತೆಗೆದಿಡಿ. ಸೆಂಟು ಹಾಕಬೇಡಿ, ಬೀಡಿ ಸಿಗರೇಟು ಸೇದಿ ಬರಬೇಡಿ. ನೆಗಡಿ, ಕೆಮ್ಮು, ಎದೆ ಮೇಲೆ ಗಾಯ ಅಥವಾ ಹುಳುಕಡ್ಡಿ ಇದ್ದರೆ ಆವತ್ತು ಮನೆಯ ಇನ್ನೊಬ್ಬರು ಕೂರಲಿ. ಅಜ್ಜಿ, ಚಿಕ್ಕಮ್ಮ, ಸೋದರಮಾವ, ಯಾರಾದರೂ ಆದೀತು.

ಮಗುವಿಗೆ ಲಂಗೋಟಿ, ಕುಲಾವಿ, ಕಾಲುಚೀಲ ಇಷ್ಟೇ ಸಾಕು. ಮೈಗೆ ಮೈ ತಾಗಬೇಕು, ನಡುವೆ ಬನಿಯನ್ನೂ ಬೇಡ. ಎದೆಯ ನಡುವೆ ನೆಟ್ಟಗೆ, ಕಪ್ಪೆ ಕೂತ ಹಾಗೆ ಕಾಲು ಮಡಿಸಿ ಒರಗಿಸಿ. ತಲೆ ಒಂದು ಪಕ್ಕಕ್ಕೆ ತಿರುಗಿರಲಿ, ಗದ್ದ ಸ್ವಲ್ಪವೇ ಸ್ವಲ್ಪ ಮೇಲಕ್ಕೆ. ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಕಟ್ಟುತ್ತದೆ. ಇದೊಂದನ್ನು ಮಾತ್ರ ಮರೆಯುವ ಹಾಗಿಲ್ಲ.

ಆಮೇಲೆ ಮೆತ್ತನೆ ಹತ್ತಿ ಸೀರೆಯಿಂದಲೋ ಪಂಚೆಯಿಂದಲೋ ಸುತ್ತಿ ಕಟ್ಟಿ. ಬಟ್ಟೆಯ ಮೇಲಂಚು ಮಗುವಿನ ಕಿವಿಯ ಕೆಳಗೆ ಬರಬೇಕು. ಮಗು ಜಾರದಷ್ಟು ಬಿಗಿ, ಹೊಟ್ಟೆ ಉಬ್ಬಿ ಇಳಿಯುವಷ್ಟು ಸಡಿಲ. ನಾನು ನನ್ನ ಹಳೇ ಪಂಚೆ ಬಳಸುತ್ತಿದ್ದೆ. ಹೊಸದು ಗಂಜಿ ಹಾಕಿದ್ದರೆ ಒರಟು.

ಎಷ್ಟು ಹೊತ್ತು? ಒಮ್ಮೆ ಕೂತರೆ ಒಂದು ಗಂಟೆಯಾದರೂ ಕೂರಿ. ಹತ್ತು ನಿಮಿಷಕ್ಕೊಮ್ಮೆ ಎತ್ತಿ ಇಳಿಸಿದರೆ ಮಗುವಿಗೆ ಸುಸ್ತು ಬಿಟ್ಟರೆ ಮತ್ತೇನಿಲ್ಲ. ದಿನಕ್ಕೆ ಒಟ್ಟು 8 ಗಂಟೆಯಿಂದ 24 ಗಂಟೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಂಟು ಗಂಟೆ ಅಂದ ಕೂಡಲೇ ಎದೆ ಧಸಕ್ ಅನ್ನುತ್ತೆ, ಅಲ್ವಾ? ಅದಕ್ಕೇ ಪಾಳಿ ಹಾಕಿಕೊಳ್ಳಬೇಕು. ನಮ್ಮ ಮನೆಯಲ್ಲಿ ಹಾಲು ಕುಡಿಸುವ ಹೊತ್ತೆಲ್ಲ ಹೆಂಡತಿಯದು, ಮಧ್ಯಾಹ್ನ ಊಟ ಆದ ಮೇಲೆ ಅತ್ತೆಯದು, ರಾತ್ರಿ ಎಂಟರಿಂದ ಹನ್ನೊಂದು ನನ್ನದು. ಮಗುವನ್ನು ಕಟ್ಟಿಕೊಂಡೇ ನಡೆದಾಡಬಹುದು, ಪೇಪರ್ ಓದಬಹುದು. ಒಲೆ ಹತ್ತಿರ ಮಾತ್ರ ಹೋಗಬೇಡಿ.

ಒಂದು ಎಚ್ಚರಿಕೆ. ಸೋಫಾದಲ್ಲಿ ಮಗುವನ್ನು ಎದೆ ಮೇಲೆ ಹಾಕಿಕೊಂಡು ನಿದ್ದೆ ಹೋಗುವುದು ಅಪಾಯ. ಮಗು ಸಂದಿಗೆ ಜಾರಿ ಉಸಿರು ಕಟ್ಟಬಹುದು. ಕಣ್ಣು ಎಳೆಯುತ್ತಿದ್ದರೆ ಇನ್ನೊಬ್ಬರನ್ನು ಕರೆದು ಮಗು ಕೊಡಿ. ಕುಡಿದಿದ್ದರೆ ಕೂರುವ ಮಾತೇ ಬೇಡ.

ತೂಕ 2.5 ಕೆಜಿ ಹತ್ತಿರ ಬಂದಾಗ ಮಗುವೇ ಒದ್ದಾಡಿ, ಕೈಕಾಲು ಹೊರಗೆ ಹಾಕಿ, "ನನ್ನನ್ನು ಬಿಡಿ" ಅನ್ನೋ ಥರ ಮಾಡುತ್ತದೆ. ಆಗ ನಿಲ್ಲಿಸಿ. ತುಂಬು ತಿಂಗಳ ಮಗುವಿಗೆ ಇಷ್ಟೆಲ್ಲ ಗಂಟೆ ಲೆಕ್ಕ ಇಲ್ಲ, ಆದರೆ ಹುಟ್ಟಿದ ಮೊದಲ ಒಂದು ಗಂಟೆ ತಾಯಿಯ ಬರಿ ಎದೆ ಮೇಲೆ ಇರಲೇಬೇಕು. ಮೈ ಬೆಚ್ಚಗಿರುತ್ತದೆ, ಮೊಲೆ ಹುಡುಕಿಕೊಳ್ಳುವುದು ಸುಲಭ.

ಕೈ ಹಿಂಬದಿಯೇ ಥರ್ಮಾಮೀಟರ್

ಆ ನರ್ಸ್ ಕಲಿಸಿದ ಇನ್ನೊಂದು ವಿಷಯ ಇದು. ಕೈಯ ಹಿಂಬದಿಯಿಂದ ಮೊದಲು ಮಗುವಿನ ಹೊಟ್ಟೆ ಮುಟ್ಟಿ, ಆಮೇಲೆ ಪಾದ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿ ಹತ್ತುತ್ತಿದೆ, ಎದೆಗೆ ಹಾಕಿಕೊಳ್ಳಿ. ಎರಡೂ ತಣ್ಣಗಿದ್ದರೆ ಎದೆಗೆ ಹಾಕಿಕೊಂಡೇ ಆಸ್ಪತ್ರೆಗೆ ಹೊರಡಿ. ಮಗು ಹಾಲು ಕುಡಿಯುವುದು ಬಿಟ್ಟರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡಿದರೆ, ಎದೆ ಒಳಕ್ಕೆ ಸೆಳೆದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬರಬೇಕು. ಬಂದಾಗ ಟೀ ಕೊಟ್ಟು ಕಳಿಸಿಬಿಡಬೇಡಿ, ಮಗು ಹಿಡಿಯುವುದನ್ನು ಅವರ ಮುಂದೆಯೇ ಮಾಡಿ ತೋರಿಸಿ, ತಪ್ಪಿದ್ದರೆ ಹೇಳುತ್ತಾರೆ.

ಎಣ್ಣೆ ಹಚ್ಚುವುದು

ನಮ್ಮತ್ತೆಯ ಊರು ತಿಪಟೂರು ಕಡೆ. ಮನೆಯದೇ ಕೊಬ್ಬರಿ, ಎಣ್ಣೆಗೆ ಯೋಚನೆ ಇಲ್ಲ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಎರಡೂ ಎಳೆ ಚರ್ಮಕ್ಕೆ ಒಳ್ಳೆಯವು. ಬಾಂಗ್ಲಾದೇಶದ ಢಾಕಾದ ಮಕ್ಕಳ ಆಸ್ಪತ್ರೆಯಲ್ಲಿ, ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿ ನೋಡಿದಾಗ, ಆಸ್ಪತ್ರೆಯಲ್ಲಿ ತಗಲುವ ಸೋಂಕು ಶೇ. 41ರಷ್ಟು ಕಡಿಮೆಯಾಗಿತ್ತು. ಇದು ಪ್ರಕಟವಾದದ್ದು 2005ರಲ್ಲಿ. ಸಾಸಿವೆ ಎಣ್ಣೆ ಬೇಡ, ಚರ್ಮದ ಮೇಲ್ಪದರ ಹಾಳು ಮಾಡುತ್ತದೆ. ದುಬಾರಿ ಆಲಿವ್ ಎಣ್ಣೆಗೂ ಅದೇ ದೂರು ಇದೆ. ಅಂಗಡಿಯವನು ಎಷ್ಟೇ ಹೊಗಳಲಿ.

ಹೊಕ್ಕುಳು ಬಿದ್ದು ಒಣಗಿದ ಮೇಲೆ ಶುರು ಮಾಡಿದರೆ ನಿಶ್ಚಿಂತೆ. ಹಾಲು ಕುಡಿದು ಅರ್ಧ ಮುಕ್ಕಾಲು ಗಂಟೆ ಆಗಿರಬೇಕು. ಹಸಿದಿರಬಾರದು, ನಿದ್ದೆಗಣ್ಣಿನಲ್ಲೂ ಇರಬಾರದು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಎಣ್ಣೆಯನ್ನು ನೇರವಾಗಿ ಮಗುವಿನ ಮೇಲೆ ಸುರಿಯಬೇಡಿ, ನಿಮ್ಮ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ.

ಮೊದಲು ಕಾಲು. ಮಗುವಿಗೆ ಕಾಲು ಮುಟ್ಟಿಸಿಕೊಳ್ಳೋದು ಎಲ್ಲಕ್ಕಿಂತ ಸುಲಭ, ಗಾಬರಿ ಆಗಲ್ಲ. ತೊಡೆಯಿಂದ ಪಾದದವರೆಗೆ, ಒಂದು ಕೈ ಬಿಡುವ ಮುಂಚೆ ಇನ್ನೊಂದು ಕೈ ಹಿಡಿದಿರಲಿ. ಆಮೇಲೆ ಹೊಟ್ಟೆ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತು. ದೊಡ್ಡ ಕರುಳು ಹೋಗುವುದೂ ಹಾಗೆಯೇ, ಗ್ಯಾಸ್ ಇದ್ದರೆ ಪುರ್ರ್ ಅಂತ ಹೊರಗೆ ಬರುತ್ತದೆ. ಎದೆಗೆ ನಡುವಿನಿಂದ ಎರಡೂ ಪಕ್ಕಕ್ಕೆ. ಕೈಗಳಿಗೆ ಹೆಗಲಿಂದ ಬೆರಳಿಗೆ, ಆದರೆ ಬೆರಳಿನ ಎಣ್ಣೆ ಒರೆಸಿಬಿಡಿ, ಬಾಯಿಗೆ ಹೋಗುತ್ತದೆ. ಕೊನೆಗೆ ನಿಮ್ಮ ಚಾಚಿದ ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನು.

ಬೆನ್ನಿಗೆ ಬಂದಾಗ ಆ ವೇಗದ ಲೆಕ್ಕ ನೆನಪಿಸಿಕೊಳ್ಳಿ. ಎಳೆ ಮಗುವಿನ ಕುತ್ತಿಗೆಯಿಂದ ಕುಂಡಿಯವರೆಗೆ ಸುಮಾರು 20 ಸೆಂಟಿಮೀಟರ್. ಸೆಕೆಂಡಿಗೆ 3 ಸೆಂಟಿಮೀಟರ್ ಅಂದರೆ ಒಂದು ಸಲ ಮೇಲಿಂದ ಕೆಳಗೆ ಬರೋಕೆ ಆರೇಳು ಸೆಕೆಂಡು ಬೇಕು. ಗಡಿಯಾರ ನೋಡಿ ಒಮ್ಮೆ ಮಾಡಿ ನೋಡಿ. ನಾವು ಅಂದುಕೊಂಡಿದ್ದಕ್ಕಿಂತ ಎಷ್ಟು ನಿಧಾನ ಅಂತ ಗೊತ್ತಾಗುತ್ತೆ. ಜೋಗುಳದ ಒಂದು ಸಾಲು ಹಾಡುವಷ್ಟು ಹೊತ್ತು ಅದು. ನಮ್ಮತ್ತೆಗೆ ಸೆಂಟಿಮೀಟರ್ ಗೊತ್ತಿರಲಿಲ್ಲ, ಜೋ ಜೋ ಅಂತ ಹೇಳಿಕೊಂಡು ಸರಿಯಾಗಿಯೇ ಮಾಡುತ್ತಿದ್ದರು.

ಒತ್ತಡ? ಗರಿಯಲ್ಲಿ ಸವರಿದ ಹಾಗೆ ಮಾಡಿದರೆ ಮಗುವಿಗೆ ಕಚಗುಳಿ, ಕಿರಿಕಿರಿ. ಚರ್ಮ ಸ್ವಲ್ಪ ಒಳಕ್ಕೆ ಹೋಗಿ ತಕ್ಷಣ ಮೇಲೆ ಬರಬೇಕು, ಚಪಾತಿ ಹಿಟ್ಟು ನಾದಿದ ಹಾಗಲ್ಲ, ಅದು ನೆನೆದಿದೆಯಾ ಅಂತ ಬೆರಳು ಒತ್ತಿ ನೋಡಿದಷ್ಟು. ಅಮೆರಿಕದ ಟಿಫನಿ ಫೀಲ್ಡ್ ಎಂಬ ಮನಶ್ಶಾಸ್ತ್ರಜ್ಞೆ 1986ರಲ್ಲಿ, ತಿಂಗಳು ತುಂಬದ ಮಕ್ಕಳಿಗೆ ದಿನಕ್ಕೆ ಮೂರು ಸಲ 15 ನಿಮಿಷದಂತೆ ಹತ್ತು ದಿನ ಹೀಗೆ ಮಾಡಿಸಿದರು. ಅಷ್ಟೇ ಹಾಲು ಕುಡಿದೂ ಆ ಮಕ್ಕಳ ದಿನದಿನದ ತೂಕ ಶೇ. 47ರಷ್ಟು ಜಾಸ್ತಿ ಏರಿತ್ತು. ಆ ಅಧ್ಯಯನದಲ್ಲಿ ಇದ್ದ ಮಕ್ಕಳು ನಲವತ್ತೇ, ಹಾಗಾಗಿ ಆ ಅಂಕಿಯನ್ನು ಕಣ್ಣಿಗೊತ್ತಿಕೊಳ್ಳಬೇಡಿ. ಆಮೇಲೂ ಬೇರೆಬೇರೆ ಕಡೆ ತೂಕ ಏರಿದ್ದು ಕಂಡಿದೆ, ಅಷ್ಟು ಸಾಕು.

ಲಸಿಕೆ ಹಾಕಿಸಿದ ದಿನ ಸೂಜಿ ಚುಚ್ಚಿದ ತೊಡೆಯನ್ನು ತಿಕ್ಕಬೇಡಿ. ಜ್ವರ ಇದ್ದರೆ, ಮೈಮೇಲೆ ಗುಳ್ಳೆ ಎದ್ದಿದ್ದರೆ ಎಣ್ಣೆ ಬೇಡ.

ಎರೆಯುವ ಅಜ್ಜಿಯ ಜೊತೆ ಮಾತು

ಊರಲ್ಲಿ ಮಗುವಿಗೆ ಎರೆಯೋಕೆ ಒಬ್ಬ ಅಜ್ಜಿ ಬರುತ್ತಿದ್ದರು. ಬಚ್ಚಲಲ್ಲಿ ಮಣೆ ಮೇಲೆ ಕಾಲು ಚಾಚಿ ಕೂತು, ಹಂಡೆಯ ನೀರು ಬೆರೆಸಿಕೊಂಡು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರೆ ಆ ಕೈಗಳನ್ನು ನೋಡುತ್ತಾ ಕೂರಬೇಕು ಅನಿಸುತ್ತಿತ್ತು. ಊರ ಅರ್ಧ ಜನರನ್ನು ಎರೆದ ಕೈ ಅದು. ಆದರೆ ಅವರ ಕೆಲವು ಪದ್ಧತಿ ಬಿಡಿಸಲೇಬೇಕಿತ್ತು.

ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಮೊದಲನೆಯದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಎರಡನೆಯದು ಮಗುವಿನ ಎದೆ ಹಿಂಡಿ "ಹಾಲು ತೆಗೆಯುವುದು". ತಾಯಿಯ ಹಾರ್ಮೋನಿನಿಂದ ಹುಟ್ಟಿದ ಮಗುವಿನ ಎದೆ ಸ್ವಲ್ಪ ಊದಿಕೊಳ್ಳುವುದು ಸಹಜ, ಹೆಣ್ಣಿಗೂ ಗಂಡಿಗೂ. ತಾನಾಗಿ ಇಳಿಯುತ್ತದೆ. ಹಿಂಡಿದರೆ ಕೀವು ತುಂಬುತ್ತದೆ. ಇನ್ನು ಮೂಗು ನೀಟ ಮಾಡುವುದು, ತಲೆ ಗುಂಡು ಮಾಡಲು ಒತ್ತುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು, ಮೈ ಮೇಲೆ ಪೌಡರ್, ಮುಖಕ್ಕೆ ಸಾಂಬ್ರಾಣಿ ಹೊಗೆ, ಇವೆಲ್ಲ ಬೇಡ. ನೀರನ್ನು ಮೊಣಕೈ ಅದ್ದಿ ನೋಡಿ. ಅವರ ಅಂಗೈ ಬಿಸಿಗೆ ಒಗ್ಗಿಹೋಗಿರುತ್ತದೆ.

ಹೇಳುವ ರೀತಿ ಮುಖ್ಯ. ನಾನು ಮೊದಲ ದಿನ ಮೊಬೈಲ್ ಹಿಡಿದು "ಇದು ತಪ್ಪು" ಅಂದೆ. ಅಜ್ಜಿ ಎದ್ದೇ ಹೋದರು. ಮಾರನೇ ದಿನ ಅತ್ತೆ ಎಲೆ ಅಡಿಕೆ ಕೊಟ್ಟು, "ಅಜ್ಜಿ, ಡಾಕ್ಟ್ರು ನಮಗೆ ಬೈತಾರೆ, ಮೂಗಿಗೆ ಮಾತ್ರ ಬಿಡಬೇಡಿ" ಅಂದರು. "ಅಯ್ಯೋ, ಅಷ್ಟೇ ತಾನೇ" ಅಂದರು ಅಜ್ಜಿ.

ಸಾಕು ಅಂತ ಮಗು ಹೇಳುತ್ತದೆ

ಅಳುವುದಕ್ಕೆ ಮುಂಚೆಯೇ ಹೇಳುತ್ತದೆ. ಮುಖ ಪಕ್ಕಕ್ಕೆ ತಿರುಗಿಸುತ್ತದೆ. ಬೆರಳುಗಳನ್ನು ಬೀಸಣಿಗೆಯ ಹಾಗೆ ಬಿಚ್ಚುತ್ತದೆ. ಬೆನ್ನು ಬಿಲ್ಲಾಗುತ್ತದೆ. ತಿಂಗಳು ತುಂಬದ ಮಕ್ಕಳು ಬಿಕ್ಕಳಿಸುತ್ತವೆ, ಮೇಲಿಂದ ಮೇಲೆ ಸೀನುತ್ತವೆ. ಆಗ ಸವರುವುದು ನಿಲ್ಲಿಸಿ, ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಮಡಿಸಿದ ಕಾಲಿನ ಮೇಲೆ ಇಟ್ಟು ಸುಮ್ನೆ ಹಿಡಿದುಕೊಳ್ಳಿ. ಕೈ ಅಲುಗಬಾರದು. ಎರಡು ಮೂರು ನಿಮಿಷಕ್ಕೆ ಉಸಿರು ಸಮ ಆಗುತ್ತದೆ. ನಮ್ಮ ಮಗಳಿಗೆ ಮೊದಲ ತಿಂಗಳು ಎಣ್ಣೆಗಿಂತ ಇದೇ ಜಾಸ್ತಿ ಬೇಕಾಗಿತ್ತು.

ಎತ್ತಿಕೊಂಡರೆ ಕೈ ಅಭ್ಯಾಸ ಆಗುತ್ತಾ?

ಬಂದವರೆಲ್ಲ ಹೇಳುವ ಮಾತು. ಮೊದಲ ಮೂರು ತಿಂಗಳಲ್ಲಿ ಕೆಡುವಂಥದ್ದು ಏನೂ ಇಲ್ಲ. 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲವು ತಾಯಂದಿರಿಗೆ ಮಗು ಅಳದಿದ್ದಾಗಲೂ ಜಾಸ್ತಿ ಹೊತ್ತು ಎತ್ತಿಕೊಳ್ಳಲು ಹೇಳಿದರು. ಆರನೇ ವಾರದ ಹೊತ್ತಿಗೆ ಆ ಮಕ್ಕಳ ಅಳು ಶೇ. 43ರಷ್ಟು ಕಡಿಮೆ ಇತ್ತು. ಸಂಜೆಯಾದರೆ ವಿಪರೀತ ಅಳುವ, ಆಗಲೇ ಅಳು ಹತ್ತಿಬಿಟ್ಟ ಮಕ್ಕಳಲ್ಲಿ ಮಾತ್ರ ಆಮೇಲಿನ ಅಧ್ಯಯನಗಳಲ್ಲಿ ಇಂಥ ಫಲ ಕಾಣಲಿಲ್ಲ. ಹಾಗಾಗಿ ಅಳುವವರೆಗೂ ಕಾಯಬೇಡಿ. ತೊಟ್ಟಿಲು ಎಲ್ಲೂ ಓಡಿಹೋಗುವುದಿಲ್ಲ.

ಮಗು ದೊಡ್ಡದಾದ ಮೇಲೆ

ಶಾಲೆಗೆ ಹೋಗುವ ಮಗುವನ್ನು ಮುಟ್ಟುವುದು ತಾನಾಗಿ ಕಡಿಮೆಯಾಗುತ್ತದೆ, ಅದರಲ್ಲೂ ಗಂಡುಮಕ್ಕಳನ್ನು. ತಲೆಗೆ ಎಣ್ಣೆ ಹಚ್ಚುವ ಭಾನುವಾರ ಬಿಡಬೇಡಿ. ಜಡೆ ಹಾಕುವ ಹತ್ತು ನಿಮಿಷ ಅಪ್ಪನಿಗೂ ಸಿಗಲಿ. ಆದರೆ ಇನ್ನು ಮೇಲೆ ಕೇಳಿ ಮುಟ್ಟಬೇಕು. ನೆಂಟರು ಗಲ್ಲ ಹಿಂಡಿದಾಗ ಮಗು ಹಿಂದೆ ಸರಿದರೆ "ಮಾಮಾಗೆ ಮುತ್ತು ಕೊಡು" ಅಂತ ಒತ್ತಾಯ ಮಾಡಬೇಡಿ. ಬೇಡ ಅನ್ನುವ ಹಕ್ಕು ಮನೆಯಲ್ಲಿ ಸಿಕ್ಕಿದ ಮಗುವಿಗೆ ಹೊರಗೂ ಬೇಡ ಅನ್ನೋಕೆ ಬರುತ್ತದೆ. ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಮಕ್ಕಳ ಸಹಾಯವಾಣಿ 1098 ಇದೆ, ಆ ನಂಬರ್ ಮಗುವಿಗೂ ಬಾಯಿಪಾಠ ಮಾಡಿಸಿ.

ಮನೆಯ ಹಿರಿಯರು

ಅಪ್ಪ ಹೋಗಿ ನಾಲ್ಕು ವರ್ಷ. ಅಮ್ಮ ಒಮ್ಮೆ ಬಿಪಿ ನೋಡಿಸಿಕೊಂಡು ಬಂದು, "ಆ ಹುಡುಗಿ ಕೈ ಎಷ್ಟು ಬೆಚ್ಚಗಿತ್ತು ಕಣೋ" ಅಂದರು. ಬಿಪಿ ಎಷ್ಟಿತ್ತು ಅಂತ ಹೇಳಲೇ ಇಲ್ಲ. ಮಗಳಿಗೆ ಆರೇಳು ಸೆಕೆಂಡು ಲೆಕ್ಕ ಹಾಕಿ ಬೆನ್ನು ಸವರುತ್ತಿದ್ದ ನಾನು, ಅಮ್ಮನನ್ನು ಕೊನೆಯ ಸಲ ಮುಟ್ಟಿದ್ದು ಯಾವಾಗ ಅಂತ ಯೋಚಿಸಿದೆ. ಹಬ್ಬಕ್ಕೆ ಕಾಲಿಗೆ ಬಿದ್ದಾಗ.

ಈಗ ವಾರಕ್ಕೆರಡು ಸಲ ಅವರ ಕಾಲಿಗೆ ಎಣ್ಣೆ ಹಚ್ಚುತ್ತೇನೆ. ಮೊದಲ ದಿನ "ಬಿಡೋ, ಮಗನ ಕೈಲಿ ಕಾಲು ಹಿಡಿಸ್ಕೊಳ್ಳೋದಾ" ಅಂತ ಎಳೆದುಕೊಂಡರು. ಒತ್ತಾಯ ಮಾಡಲಿಲ್ಲ, ಅಂಗೈಯಿಂದ ಶುರು ಮಾಡಿದೆ. ಮೂರನೇ ವಾರ ತಾವೇ ಕಾಲು ಚಾಚಿದರು. ವಯಸ್ಸಾದವರ ಚರ್ಮ ಕಾಗದದಂತಿರುತ್ತದೆ, ಎಳೆಯಬೇಡಿ, ಒತ್ತಿ ಬಿಡಿ. ಸಕ್ಕರೆ ಕಾಯಿಲೆ ಇದ್ದರೆ ಅಂಗಾಲಿನಲ್ಲಿ, ಬೆರಳ ಸಂದಿಯಲ್ಲಿ ಗಾಯ ಇದೆಯಾ ಅಂತ ಮೊದಲು ನೋಡಿ. ಅವರಿಗೆ ನೋವು ಗೊತ್ತಾಗದೇ ಇರಬಹುದು. ಬೆರಳ ಸಂದಿಗೆ ಎಣ್ಣೆ ಬೇಡ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ತಿಕ್ಕಲೇಬಾರದು, ರಕ್ತ ಹೆಪ್ಪುಗಟ್ಟಿರಬಹುದು, ಡಾಕ್ಟರ ಹತ್ತಿರ ಹೋಗಿ.

ಮುಗಿದ ಮೇಲೆ ಅಂಗಾಲು ಒರೆಸದೆ ಏಳಬೇಡಿ. ಎಣ್ಣೆಗಾಲಲ್ಲಿ ಬಚ್ಚಲಿಗೆ ಹೋದರೆ ಜಾರುವುದು ಖಂಡಿತ. ಕಾಲುಚೀಲ ಹಾಕಿಕೊಳ್ಳಿ ಅಂದರೆ ಅಮ್ಮ ಕೇಳುವುದಿಲ್ಲ, ಅದಕ್ಕೆ ನಾನೇ ಆ ಹಳೇ ಪಂಚೆಯ ತುಂಡಿನಿಂದ ಎರಡೂ ಅಂಗಾಲು ಒರೆಸಿ, ಆಮೇಲೆ ಎಣ್ಣೆ ಬಟ್ಟಲು ಎತ್ತಿಡುತ್ತೇನೆ.